ಗಿರಣಿ ಅಮ್ಮನ ತಪಾಸಣೆ

ಅವರ ಹುಬ್ಬುಗಳು ಯಾವಾಗಲೂ ಬೆಳ್ಳಗಿರುತ್ತಿದ್ದವು. ವಯಸ್ಸಿಗಲ್ಲ, ಜೋಳದ ಹಿಟ್ಟಿಗೆ. ಬೆಳಿಗ್ಗೆ ಮುಖ ತೊಳೆದು, ವಿಭೂತಿ ಹಚ್ಚಿಕೊಂಡು ಗಿರಣಿಯ ಬಾಗಿಲು ತೆಗೆದರೆ, ಹತ್ತು ಗಂಟೆಯ ಹೊತ್ತಿಗೆ ಅವರ ಹಣೆಯ ಮೇಲೆ ವಿಭೂತಿ ಯಾವುದು, ಹಿಟ್ಟು ಯಾವುದು ಎಂದು ಬಿಡಿಸಿ ಹೇಳುವಂತಿರಲಿಲ್ಲ. ಕಣ್ಣು ಮಿಟುಕಿಸಿದರೆ ರೆಪ್ಪೆಯಿಂದ ಒಂಚೂರು ಉದುರುತ್ತಿತ್ತು. ಮೊದಲ ಸಲ ಅವರು ನಮ್ಮ ಶಾಲೆಯ ಬಾಗಿಲಲ್ಲಿ ಬಂದು ನಿಂತಾಗ, ಬೀಸುವುದಕ್ಕೆ ಜೋಳ ಇದೆಯೇ ಎಂದು ಕೇಳಲು ಬಂದಿದ್ದಾರೆ ಅಂದುಕೊಂಡು ನಾನು, "ಇವತ್ತು ಇಲ್ಲಮ್ಮ, ನಾಳೆ ಕಳಿಸ್ತೀವಿ" ಎಂದುಬಿಟ್ಟೆ.

"ಜೋಳ ಕೇಳಾಕ ಬಂದಿಲ್ರಿ ಮೇಷ್ಟ್ರ! ನಿಮ್ಮನ್ನ ತಪಾಸಣಿ ಮಾಡಾಕ ಬಂದೀನಿ!" ಎಂದು ಕೂಗಿದರು.

ಕೂಗಿದ್ದು ಸಿಟ್ಟಿನಿಂದಲ್ಲ. ವರ್ಷಾನುಗಟ್ಟಲೆ ಗಿರಣಿಯ ಸದ್ದಿನಲ್ಲಿ ನಿಂತು ಅವರ ಕಿವಿ ಮಂದವಾಗಿತ್ತು. ತಮಗೆ ಕೇಳಿಸದ್ದು ಬೇರೆಯವರಿಗೂ ಕೇಳಿಸುವುದಿಲ್ಲ ಎಂದು ಅವರ ಲೆಕ್ಕ. ಗುಟ್ಟು ಹೇಳಬೇಕಾದಾಗ ಮಾತ್ರ ಪಕ್ಕಕ್ಕೆ ಕರೆದುಕೊಂಡು ಹೋಗಿ, ಬಾಯಿಗೆ ಸೆರಗು ಅಡ್ಡ ಹಿಡಿದು, ಅಷ್ಟೇ ಜೋರಾಗಿ ಕೂಗುತ್ತಿದ್ದರು.

ಅದು ತೊಂಬತ್ತರ ದಶಕದ ಕೊನೆ. ಕೂಡ್ಲಿಗಿ ತಾಲ್ಲೂಕಿನ ಹೊಸಹಳ್ಳಿ ಹೋಬಳಿಯ ಒಂದು ಊರಿನ ಹೊರಗೆ, ಹಿಂದೆ ಸೊಸೈಟಿಯವರ ಬೀಜದ ಗೋದಾಮಾಗಿದ್ದ ಹಳೆಯ ಮಾಳಿಗೆ ಮನೆಯಲ್ಲಿ ಒಂದು ಸಣ್ಣ ಸಂಸ್ಥೆ ಶಾಲೆ ನಡೆಸುತ್ತಿತ್ತು. ಕಳ್ಳತನ, ಹೊಡೆದಾಟದ ಕೇಸುಗಳಲ್ಲಿ ಸಿಕ್ಕಿಬಿದ್ದ ಹುಡುಗರನ್ನು ರಿಮ್ಯಾಂಡ್ ಹೋಮಿನ ಗೋಡೆಯೊಳಗೆ ಇಡುವ ಬದಲು ಇಲ್ಲಿ ಓದಿಸಿ ನೋಡೋಣ ಎಂಬ ಪ್ರಯೋಗ ಅದು. ಹತ್ತು ಹನ್ನೊಂದು ಹುಡುಗರಿದ್ದರು. ಪ್ರಯೋಗ ಸರಿಹೋಗಲಿಲ್ಲ ಎಂದು ಯಾರಾದರೂ ಮೇಲಿನವರು ತೀರ್ಮಾನಿಸಿದರೆ ಅವರೆಲ್ಲ ಮತ್ತೆ ಗೋಡೆಯೊಳಗೆ ಹೋಗಬೇಕಿತ್ತು. ನಾನು ಹರಪನಹಳ್ಳಿಯವನು. ಆಗಷ್ಟೇ ಬಿ.ಎಡ್. ಮುಗಿಸಿ, ಬೇರೆಲ್ಲೂ ಕೆಲಸ ಸಿಗದೆ ಅಲ್ಲಿಗೆ ಮೇಷ್ಟ್ರಾಗಿ ಸೇರಿದ್ದೆ.

ಆ ಮೇಲಿನವರು ಯಾರು ಎಂಬುದೇ ನಮಗೆ ಮೊದಲ ಒಂದು ವರ್ಷ ಗೊತ್ತಿರಲಿಲ್ಲ. ಶಿಕ್ಷಣ ಇಲಾಖೆಗೆ ಹೋದರೆ, "ಇವರು ವಿದ್ಯಾರ್ಥಿಗಳಲ್ಲ, ಕೇಸಿನ ಹುಡುಗರು, ಪೊಲೀಸರನ್ನು ಕೇಳಿ" ಎಂದರು. ಪೊಲೀಸರು, "ಶಾಲೆ ಅಂದ್ಮೇಲೆ ನಮಗೇನ್ರಿ ಸಂಬಂಧ?" ಎಂದರು. ಮಕ್ಕಳ ಇಲಾಖೆಯವರು ತಾಲ್ಲೂಕು ಪಂಚಾಯ್ತಿಯನ್ನು ತೋರಿಸಿದರು. ಅಷ್ಟರಲ್ಲಿ ನಮ್ಮ ಹರಪನಹಳ್ಳಿ ತಾಲ್ಲೂಕೇ ಬಳ್ಳಾರಿ ಜಿಲ್ಲೆಯಿಂದ ದಾವಣಗೆರೆಗೆ ಹೋಯಿತು. ಆ ಕಡೆಯಿಂದ ಬಂದಿದ್ದ ಮೂವರು ಹುಡುಗರು ಯಾವ ಜಿಲ್ಲೆಯ ಅಪರಾಧಿಗಳು ಎಂಬುದು ಹೊಸ ಗೊಂದಲವಾಯಿತು. ಅವರಲ್ಲೊಬ್ಬ, "ಸರ್ರ, ನಾವು ಯಾರಿಗೂ ಬ್ಯಾಡಾಗಿದ್ರ ಮನಿಗೆ ಹೋಗ್ಲೇನ್ರಿ?" ಎಂದು ಕೇಳಿದ. ಅವನ ಪ್ರಶ್ನೆಯಲ್ಲಿ ನನಗೆ ತಪ್ಪೇನೂ ಕಾಣಲಿಲ್ಲ.

ಕೊನೆಗೆ ತಾಲ್ಲೂಕು ಪಂಚಾಯ್ತಿಯ ಸಾಮಾಜಿಕ ನ್ಯಾಯ ಸಮಿತಿ ತಿಂಗಳಿಗೊಮ್ಮೆ ಶಾಲೆಯನ್ನು ನೋಡಿಕೊಂಡು ಹೋಗಬೇಕೆಂದು ಆದೇಶವಾಯಿತು. ಆ ಸಮಿತಿಯ ಅಧ್ಯಕ್ಷರು ಅದೇ ಊರಿನ ಗಿರಣಿ ಅಮ್ಮ. ಅವರು ಮೆಂಬರ್ ಆದದ್ದೂ ಒಂದು ಗೊಂದಲದಲ್ಲೇ. ಕ್ಷೇತ್ರ ಹೆಂಗಸರಿಗೆ ಮೀಸಲಾದಾಗ ಊರಿನ ಇಬ್ಬರು ದೊಡ್ಡವರು ತಮ್ಮ ತಮ್ಮ ಹೆಂಡತಿಯರನ್ನು ನಿಲ್ಲಿಸಲು ಜಗಳಾಡಿ, ಇವರಿಗೂ ಬೇಡ ಅವರಿಗೂ ಬೇಡ ಎಂದು, ಗಂಡ ತೀರಿದ ಮೇಲೆ ಒಬ್ಬರೇ ಗಿರಣಿ ನಡೆಸಿಕೊಂಡಿದ್ದ ಈ ಹೆಂಗಸನ್ನು ನಿಲ್ಲಿಸಿದ್ದರು. ಎಲ್ಲರ ಮನೆಯ ಹಿಟ್ಟೂ ಅವರ ಕೈಮೇಲೆ ಹಾದು ಹೋಗುತ್ತಿದ್ದುದರಿಂದ ಎಲ್ಲರೂ ಓಟು ಹಾಕಿದರು.

"ಏನ್ ನೋಡ್ಬೇಕ್ರಿ ನಾನು ಇಲ್ಲಿ?" ಎಂದು ಮೊದಲ ದಿನ ನನ್ನನ್ನೇ ಕೇಳಿದರು.

ತಪಾಸಣೆಗೆ ಬಂದವರು ಹೀಗೆ ಕೇಳಿದರೆ ಏನು ಹೇಳುವುದು? ಊಟ, ಪಾಠ, ಮಲಗುವ ಜಾಗ ಎಂದು ಬಾಯಿಗೆ ಬಂದದ್ದು ಹೇಳಿದೆ. ಅವರು ಸೀದಾ ಅಡುಗೆಮನೆಗೆ ಹೋಗಿ, ಸಾರಿನಲ್ಲಿ ಬೆರಳು ಅದ್ದಿ, ಹೆಬ್ಬೆರಳಿಗೆ ಉಜ್ಜಿ ನೋಡಿದರು. ಗಿರಣಿಯ ಬಾಯಿಂದ ಬೀಳುವ ಹಿಟ್ಟನ್ನು ನೋಡುವ ಅಭ್ಯಾಸ ಅದು. ಆಮೇಲೆ ಹುಡುಗರ ಹೊದಿಕೆಯನ್ನು ಹಾಗೇ ಉಜ್ಜಿದರು. ಕನ್ನಡ ಪುಸ್ತಕದ ಒಂದು ಹಾಳೆಯನ್ನೂ ಉಜ್ಜಿದರು. "ತರಿ ಐತಿ" ಎಂದರೆ ಒರಟಾಗಿದೆ, ಸರಿಮಾಡಿಸಿ ಎಂದರ್ಥ. "ಜಿಗಿ ಐತಿ" ಎಂದರೆ ಅಡ್ಡಿಯಿಲ್ಲ. ಜೋಳದ ಹಿಟ್ಟಿಗೆ ಜಿಗಿ ಇದ್ದರೆ ರೊಟ್ಟಿ ಹರಿಯುವುದಿಲ್ಲವಲ್ಲ, ಆ ಜಿಗಿ. ಮನುಷ್ಯರಿಗೂ ಅವರಲ್ಲಿ ಇವೇ ಎರಡು ಮಾತು. ನಾನು ಶಾಲೆಯ ಉದ್ದೇಶಗಳನ್ನು ವಿವರಿಸಿ ಮುಗಿಸಿದಾಗ ನನ್ನ ಮುಖವನ್ನೇ ನೋಡುತ್ತಾ, "ಮಾತು ಭಾಳ ನುಣ್ಣಗ ಅದಾವ್ರಿ ಮೇಷ್ಟ್ರ, ಜಿಗಿ ಒಂದೀಟು ಕಮ್ಮಿ" ಎಂದರು. ಹುಡುಗರು ಆ ಮಾತನ್ನು ಒಂದು ವಾರ ಆಡಿಕೊಂಡು ನಕ್ಕರು.

ಹೊರಡುವಾಗ ಮಲಗುವ ಕೋಣೆಯ ಬಾಗಿಲಿಗೆ ಹೊರಗಿನಿಂದ ಚಿಲಕ ಇದ್ದದ್ದು ಕಣ್ಣಿಗೆ ಬಿತ್ತು. "ಇದನ್ನ ಕೀಳ್ರಿ. ಇದೇನು ದನದ ಕೊಟ್ಟಿಗ್ಯೇನು?" ಎಂದರು. ನನಗೆ ಬಹಳ ಸಂತೋಷವಾಯಿತು. ಅವತ್ತೇ ಕೀಳಿಸಿದೆ. ಮುಂದಿನ ತಿಂಗಳು ಬಂದವರೇ, "ಚಿಲಕ ಎಲ್ಲಿ? ಮತ್ತ ಹಾಕಿಸ್ರಿ" ಎಂದು ಕೂಗಿದರು.

"ಹೋದ ತಿಂಗಳು ನೀವೇ ಕೀಳು ಅಂದಿದ್ರಲ್ರಿ?"

"ಹೋದ ತಿಂಗಳು ಹುಡುಗ್ರನ್ನ ನೋಡಿ ಹೇಳಿದ್ದೆ. ಈ ತಿಂಗಳು ಊರು ನೋಡಿ ಹೇಳಾಕತ್ತೀನಿ. ಚಿಲಕ ಇರ್ಲಿ. ಹಾಕಬ್ಯಾಡ್ರಿ ಅಷ್ಟ."

ಇಂಥ ಆಜ್ಞೆಯನ್ನು ಪಾಲಿಸುವುದು ಹೇಗೆ? ಚಿಲಕ ಇತ್ತು, ಹಾಕುತ್ತಿರಲಿಲ್ಲ. ಊರವರು ಹಾದುಹೋಗುವಾಗ ಚಿಲಕ ನೋಡಿ ಸಮಾಧಾನಪಟ್ಟುಕೊಳ್ಳುತ್ತಿದ್ದರು. ಹುಡುಗರು ಅದನ್ನು ಹಾಕದ್ದು ನೋಡಿ ಸಮಾಧಾನಪಟ್ಟುಕೊಂಡಿದ್ದರು. ನನಗೊಬ್ಬನಿಗೆ ಮಾತ್ರ, ಕೇಳಿದವರಿಗೆ ಇದನ್ನು ಏನೆಂದು ಹೇಳಲಿ ಎಂಬ ಚಿಂತೆ.

ಊರಿಗೆ ನಮ್ಮ ಮೇಲೆ ನಂಬಿಕೆ ಇರಲಿಲ್ಲ. ಕೋಳಿ ಕಾಣದಿದ್ದರೆ ನಮ್ಮ ಹುಡುಗರು, ಕೊಡಪಾನ ಕಾಣದಿದ್ದರೆ ನಮ್ಮ ಹುಡುಗರು. ಅಂಥ ಸುದ್ದಿ ಹುಟ್ಟಿದ ಕೂಡಲೇ ಎಲ್ಲರಿಗಿಂತ ಮೊದಲು ಗಿರಣಿ ಅಮ್ಮ ಬಂದು, ಶಾಲೆಯ ಅಂಗಳದಲ್ಲಿ ನಿಂತು, "ಯಾವನ್ಲೇ ಅವ? ಕೈ ಮುರಿತೀನಿ!" ಎಂದು ಊರಿಗೆಲ್ಲ ಕೇಳುವಂತೆ ಬೈಯುತ್ತಿದ್ದರು. ತಪ್ಪು ಮಾಡದ ಹುಡುಗರು ತಲೆ ತಗ್ಗಿಸಿ ನಿಲ್ಲುತ್ತಿದ್ದರು. ನನಗೆ ಮೈ ಉರಿಯುತ್ತಿತ್ತು. ಒಮ್ಮೆ ತಡೆಯಲಾರದೆ, "ನೀವು ನಮ್ಮ ಕಡೆಯವರೋ, ಅವರ ಕಡೆಯವರೋ?" ಎಂದು ಕೇಳಿಯೇ ಬಿಟ್ಟೆ. ಅವರು ನನ್ನನ್ನು ಪಕ್ಕಕ್ಕೆ ಕರೆದು, ಸೆರಗು ಅಡ್ಡ ಹಿಡಿದು, "ನಾ ಬಂದು ಬೈದ್ರ ಅವ್ರು ಬರಂಗಿಲ್ಲ. ಅವ್ರು ಬಂದ್ರ ಬರೇ ಬೈದು ಹೋಗಂಗಿಲ್ಲ" ಎಂದು ಕೂಗಿದರು. ಇಡೀ ಶಾಲೆಗೆ ಕೇಳಿಸಿತು. ಹುಡುಗರಿಗೆ ಅದು ಗೊತ್ತೇ ಇತ್ತಂತೆ. ಅದರಲ್ಲೂ ವಾಯರ್, "ನಮಗ ಮೊದ್ಲ ದಿನಾನ ತಿಳಿದಿತ್ರಿ ಸರ್ರ" ಎಂದ.

ವಾಯರ್ ಎಂಬುದು ಅವನ ಹೆಸರಲ್ಲ. ಹೊಲಗಳಲ್ಲಿ ಬೋರ್‌ವೆಲ್ಲಿನ ತಾಮ್ರದ ವಾಯರ್ ಕತ್ತರಿಸಿ ಗುಜರಿಗೆ ಹಾಕುವಾಗ ಕೊಟ್ಟೂರಿನ ಹತ್ತಿರ ಸಿಕ್ಕಿಬಿದ್ದವನು. ಆಗ ಹದಿನೈದು ವರ್ಷ. ಉಳಿದ ಹುಡುಗರಿಗೆ ಹೇಗೋ ಒಂದು ಮನೆ ಅಂತ ಇತ್ತು, ಇವನಿಗೆ ಇರಲಿಲ್ಲ. ತಾಯಿ ತೀರಿದ್ದಳು, ತಂದೆ ಬೇರೆ ಮದುವೆಯಾಗಿ ಊರು ಬಿಟ್ಟಿದ್ದ. ಈ ಶಾಲೆ ಮುಚ್ಚಿದರೆ ಹದಿನೆಂಟು ತುಂಬುವವರೆಗೆ ಅವನಿಗೆ ಆ ಗೋಡೆಯೇ ಗತಿ. ಗಿರಣಿ ಅಮ್ಮ ಬಂದಾಗಲೆಲ್ಲ ಅವನ ತಲೆಯ ಮೇಲೆ ಕೈಯಿಟ್ಟು, ಕೂದಲನ್ನು ಬೆರಳಲ್ಲಿ ಉಜ್ಜಿ, "ಇವ ತರಿ ಅದಾನ" ಎನ್ನುತ್ತಿದ್ದರು. ಅವನು ಆಮೇಲೆ ತಲೆಗೆ ಹತ್ತಿದ ಹಿಟ್ಟನ್ನು ಝಾಡಿಸಿಕೊಳ್ಳುತ್ತಿದ್ದ.

ಎರಡನೆಯ ವರ್ಷದ ಶೇಂಗಾ ಕೀಳುವ ಹಂಗಾಮಿನಲ್ಲಿ ಅವರಿಗೊಂದು ಯೋಚನೆ ಬಂತು. ನಮ್ಮ ಶಾಲೆಗೆ ಹೊಂದಿಕೊಂಡಿದ್ದ ಹೊಲದ ಯಜಮಾನನೇ ನಮ್ಮ ದೊಡ್ಡ ವೈರಿ. ಬದುವಿನ ಮೇಲೆ ನಿಂತು ದಿನಾ ಒಂದು ದೂರು ಹೇಳುತ್ತಿದ್ದ. ಮಳೆ ಬಂದು ನೆಲ ಹಸಿಯಿತ್ತು. ಆಗಲೇ ಕಿತ್ತರೆ ಸರಿ, ಒಣಗಿದರೆ ಕಾಯಿ ಮಣ್ಣಲ್ಲೇ ಉಳಿಯುತ್ತದೆ. ಅವನಿಗೆ ಆಳು ಸಿಕ್ಕಿರಲಿಲ್ಲ.

"ಐತವಾರ ಹುಡುಗ್ರನ್ನ ಅವನ ಹೊಲಕ್ಕ ಕಳಸ್ರಿ" ಎಂದರು ಗಿರಣಿ ಅಮ್ಮ.

ನನಗೆ ಗಾಬರಿಯಾಯಿತು. ಮಕ್ಕಳನ್ನು ಕೆಲಸಕ್ಕೆ ಹಚ್ಚಬಾರದು ಎಂಬ ನಿಯಮ ಶಾಲೆಯ ಗೋಡೆಯ ಮೇಲೆ ಬರೆಸಿತ್ತು. ಬರೆಸಿದ್ದು ಅವರೇ. ಅದನ್ನು ಕೈತೋರಿಸಿದೆ.

"ಅದು ಕೂಲಿ ಮಾತಾತು. ಇದು ಮುಯ್ಯಾಳು" ಎಂದರು, ಕೂಸಿಗೆ ತಿಳಿಹೇಳುವಂತೆ.

ಮುಯ್ಯಾಳು ಎಂದರೆ ಇವತ್ತು ನಿಮ್ಮ ಹೊಲದಲ್ಲಿ ನಾವು, ನಾಳೆ ನಮ್ಮ ಕೆಲಸಕ್ಕೆ ನೀವು. ದುಡ್ಡಿನ ಮಾತಿಲ್ಲ. ಅಷ್ಟು ನನಗೂ ಗೊತ್ತಿತ್ತು. ನಾನು ಯೋಚಿಸದೆ ಇದ್ದದ್ದು ಬೇರೆ. ಕೂಲಿಗೆ ಯಾರನ್ನು ಬೇಕಾದರೂ ಕರೆಯಬಹುದು. ಮುಯ್ಯಾಳಿಗೆ ಸರೀಕರನ್ನು ಮಾತ್ರ ಕರೆಯುತ್ತಾರೆ. ಕರೆದರೆ, ಈತ ನನಗೆ ಸರಿಸಮ, ನಾನೂ ಇವನ ಕೆಲಸಕ್ಕೆ ಬರುವವನು ಎಂದು ಊರೆದುರು ಒಪ್ಪಿಕೊಂಡಂತೆ. ಒಂದು ಸಲ ಮುಯ್ಯಾಳಾದವನ ಬಾಗಿಲಿಗೆ ಬಂದು ಕಳ್ಳ ಎನ್ನಲು ಬಾಯಿ ಬರುವುದಿಲ್ಲ. ಗಿರಣಿ ಅಮ್ಮನ ಲೆಕ್ಕ ಅದು. ನನಗೆ ಅದು ಸರಿಯೆನ್ನಿಸಿತು. ತಪ್ಪೂ ಎನ್ನಿಸಿತು. ಅಧ್ಯಕ್ಷರೇ ಹೇಳುತ್ತಿದ್ದಾರಲ್ಲ ಎಂದು ಕಳಿಸಿದೆ.

ಆ ಯಜಮಾನನನ್ನು ಅವರು ಹೇಗೆ ಒಪ್ಪಿಸಿದರೋ ಗೊತ್ತಿಲ್ಲ. ಐತವಾರ ಹುಡುಗರು ಹೋದರು, ನಾನೂ ಹೋದೆ. ಮಧ್ಯಾಹ್ನ ಜಾಲಿಮರದ ಕೆಳಗೆ ಅವನ ಮನೆಯವರು ಬುತ್ತಿ ಬಿಚ್ಚಿದರು. ರೊಟ್ಟಿ, ಹುರುಳಿಕಾಳು ಪಲ್ಯ, ಕೆಂಪು ಚಟ್ನಿ. ಯಜಮಾನ ಮೊದಲು ದೂರ ಕೂತ. ಆಮೇಲೆ ಏನೆನ್ನಿಸಿತೋ, ಎದ್ದು ಬಂದು ವಾಯರನ ಪಕ್ಕದಲ್ಲಿ ಕೂತು, "ಚಟ್ನಿ ಕಮ್ಮಿ ಹಚ್ಕೋಲೇ, ಖಾರ ಐತಿ" ಎಂದ. ಹುಡುಗ ಮುಖ ಎತ್ತದೆ ಉಂಡ. ಆ ವಾರದ ನಡುವೆ ಯಜಮಾನ ತನ್ನ ಇಬ್ಬರು ಗಂಡುಮಕ್ಕಳನ್ನು ಕಟ್ಟಿಕೊಂಡು ಬಂದು, ಸೋರುತ್ತಿದ್ದ ನಮ್ಮ ಮಾಳಿಗೆಯ ಚಾವಣಿಗೆ ನೀರು ತಡೆಯುವ ಸವಳು ಮಣ್ಣು ಹಾಕಿ, ತುಳಿದು, ಗಟ್ಟಿಮಾಡಿ ಹೋದ. ಅದಾದ ಮೇಲೆ ಬದುವಿನ ಮೇಲಿಂದ ದೂರು ಬರಲಿಲ್ಲ. ಹುಡುಗರನ್ನು ಹೆಸರು ಹಿಡಿದು ಕರೆಯತೊಡಗಿದ. ನನಗೆ ಗೆದ್ದೆವು ಅನ್ನಿಸಿತು.

ಶೇಂಗಾ ಇನ್ನೂ ಅರ್ಧ ಉಳಿದಿತ್ತು. ಮರು ಐತವಾರ ಹುಡುಗರು ಮತ್ತೆ ಹೋದರು. ಅವತ್ತೇ ಜಿಲ್ಲೆಯಿಂದ ಸಾಹೇಬರು ಬಂದರು.

ಮಕ್ಕಳ ಇಲಾಖೆಯ ಹೊಸ ಅಧಿಕಾರಿ, ಚಿಕ್ಕ ವಯಸ್ಸು, ಮೈಸೂರಿನ ಕಡೆಯವರು. ಕೆಟ್ಟವರಲ್ಲ. ಹುಡುಗರಿಗೆಂದು ಚೀಲದ ತುಂಬ ಕಿತ್ತಲೆಹಣ್ಣು ತಂದಿದ್ದರು. ಶಾಲೆ ಖಾಲಿ ಇದ್ದದ್ದು ನೋಡಿ ಹೊಲಕ್ಕೇ ಬಂದರು. ಕಣ್ಣೆದುರಿಗೆ ಕಂಡದ್ದು, ಕೇಸಿನ ಹುಡುಗರು ಬಿಸಿಲಲ್ಲಿ ಬಗ್ಗಿ ಯಾರದೋ ಶೇಂಗಾ ಕೀಳುತ್ತಿರುವುದು. ಅವರ ಮುಖ ಕೆಂಪಗಾಯಿತು. "ಇದು ಶಿಕ್ಷಣದ ಒಂದು ಭಾಗ ಸಾರ್" ಎಂದು ನಾನು ಶುರುಮಾಡಿದೆ. ಆ ಮಾತು ನನ್ನ ಕಿವಿಗೇ ಸುಳ್ಳಿನಂತೆ ಕೇಳಿಸಿತು. ಅಷ್ಟರಲ್ಲಿ ಸುದ್ದಿ ಮುಟ್ಟಿ ಗಿರಣಿ ಅಮ್ಮ ಹಿಟ್ಟಿನ ಮೈಯಲ್ಲೇ ಓಡಿಬಂದರು.

"ಇವರಿಗೆ ಎಷ್ಟು ಕೂಲಿ ಕೊಡ್ತಿದೀರಿ?" ಎಂದು ಸಾಹೇಬರು ಕೇಳಿದರು.

ಗಿರಣಿ ಅಮ್ಮನ ಮುಖ ಅರಳಿತು. ಸಾಹೇಬರು ಸರಿಯಾದ ಪ್ರಶ್ನೆಯನ್ನೇ ಕೇಳಿದರು ಎಂದು ಅವರಿಗನ್ನಿಸಿತು. "ಕೂಲಿ? ಒಂದು ಪೈಸಾ ಕೊಟ್ಟಿಲ್ರಿ ಸಾಹೇಬ್ರ! ಬೇಕಾದ್ರ ಹುಡುಗ್ರನ್ನ ಕೇಳ್ರಿ!"

"ಏನೂ ಕೊಟ್ಟಿಲ್ವಾ?"

"ಏನಂದ್ರ ಏನೂ ಇಲ್ಲ! ಹೋದ ವಾರನೂ ಇಲ್ಲ, ಈ ವಾರನೂ ಇಲ್ಲ!" ಪಕ್ಕದಲ್ಲಿದ್ದ ಯಜಮಾನನೂ ಎದೆಯುಬ್ಬಿಸಿ ಮುಂದೆ ಬಂದ. "ನಾ ಅಂಥಾವಲ್ರಿ. ಇವ್ರಿಗೆ ಕೂಲಿ ಕೊಟ್ಟು ಅವಮಾನ ಮಾಡ್ತೀನೇನ್ರಿ?"

ಸಾಹೇಬರು ಬರೆದುಕೊಳ್ಳುತ್ತಲೇ ಇದ್ದರು. ಅವರು ಬರೆದುಕೊಂಡಷ್ಟೂ, ತಮ್ಮ ಮಾತು ನಾಟುತ್ತಿದೆ ಎಂದು ಇವರಿಬ್ಬರೂ ಇನ್ನಷ್ಟು ಒತ್ತಿ ಹೇಳಿದರು. ಇವರಿಗೆ ಕೂಲಿ ಕೊಡದಿರುವುದೇ ಮರ್ಯಾದೆ, ಸಾಹೇಬರಿಗೆ ಕೂಲಿ ಕೊಡದಿರುವುದು ಕೊಡುವುದಕ್ಕಿಂತ ದೊಡ್ಡ ಅಪರಾಧ. ಎರಡೂ ಅರ್ಥವಾಗುತ್ತಿದ್ದ ನಾನು ನಡುವೆ ನಿಂತು ಮುಯ್ಯಾಳು ಎಂದರೇನು ಎಂದು ವಿವರಿಸಿದೆ. ಸಾಹೇಬರು ತಾಳ್ಮೆಯಿಂದ ಕೇಳಿದರು. ಆಮೇಲೆ, "ಮೇಷ್ಟ್ರೇ, ಇಟ್ಟಿಗೆ ಭಟ್ಟಿಗೆ ಹೋದ್ರೂ ಇದೇ ಹೇಳ್ತಾರೆ, ಕಲ್ಲು ಕ್ವಾರಿಗೆ ಹೋದ್ರೂ ಇದೇ ಹೇಳ್ತಾರೆ. ಕೂಲಿ ಅಲ್ಲ ಸಾರ್, ನಮ್ಮನೆ ಮಕ್ಕಳ ಥರ ಅಂತ. ಯಾರನ್ನ ನಂಬಲಿ ನಾನು?" ಎಂದರು. ಅವರು ತಂದ ಕಿತ್ತಲೆಹಣ್ಣನ್ನು ಹುಡುಗರು ಅದೇ ಮರದ ಕೆಳಗೆ ಕೂತು ತಿಂದರು.

ವಿಷಯ ಕೂಡ್ಲಿಗಿಯ ತಾಲ್ಲೂಕು ಪಂಚಾಯ್ತಿ ಸಭೆಗೆ ಬಂತು. ಹಿಂದಿನ ದಿನ ಸಾಹೇಬರೇ ನನಗೆ ಸ್ಪಷ್ಟವಾಗಿ ಹೇಳಿದ್ದರು. ಶಾಲೆ ತಾನಾಗಿ ಹುಡುಗರನ್ನು ದುಡಿಸಿದ್ದರೆ ಶಾಲೆ ಮುಚ್ಚಿಸಿ ಅವರನ್ನು ರಿಮ್ಯಾಂಡ್ ಹೋಮಿಗೆ ಒಯ್ಯುತ್ತೇವೆ, ಬೇರೆ ದಾರಿಯಿಲ್ಲ ಎಂದು. ಅದನ್ನು ಹುಡುಗರಿಗೆ ಹೇಳಬೇಕಾಯಿತು. ಉಳಿದವರು ಗಲಾಟೆ ಮಾಡಿದರು. ವಾಯರ್ ಹೋಗಿ ತನ್ನ ಎರಡು ಅಂಗಿ ಮಡಚಿ ಚೀಲದಲ್ಲಿ ಇಟ್ಟ.

ಸಭೆಗೆ ಗಿರಣಿ ಅಮ್ಮ ಇಳಕಲ್ ಸೀರೆ ಉಟ್ಟು, ಮುಖ ಸ್ವಚ್ಛ ತೊಳೆದು ಬಂದಿದ್ದರು. ಹುಬ್ಬುಗಳು ಕಪ್ಪಾಗಿಯೇ ಇದ್ದವು ಎಂದು ನನಗೆ ಅವತ್ತು ಗೊತ್ತಾಯಿತು. ಅವರು ವಾದಕ್ಕೆ ಸಿದ್ಧರಾಗಿ ಬಂದಿದ್ದರು. ಸಾಕ್ಷಿಗೆಂದು ಹೊಲದ ಯಜಮಾನನನ್ನೂ ಕರೆತಂದಿದ್ದರು. ಅವನು ಎದ್ದು ಕೈಮುಗಿದು, "ಆ ಹುಡುಗ್ರಿಗೆ ನಾ ಇನ್ನೊಂದು ದಿನ ಮುಯ್ಯಾಳು ಕೊಡೋದು ಬಾಕಿ ಐತ್ರಿ. ಅದು ತೀರೋಮಟ ಅವ್ರನ್ನ ಎಲ್ಲಿಗೂ ಒಯ್ಯಾಕ ಬರಂಗಿಲ್ರಿ" ಎಂದ. ಸಭೆಯಲ್ಲಿದ್ದವರೆಲ್ಲ ನಕ್ಕರು. ಅವನು ತಮಾಷೆಗೆ ಹೇಳಿರಲಿಲ್ಲ, ಅವಮಾನವಾಗಿ ಕೂತುಬಿಟ್ಟ.

ಗಿರಣಿ ಅಮ್ಮ ನನ್ನ ಕಡೆ ಬಾಗಿ, ಸೆರಗು ಅಡ್ಡ ಹಿಡಿದು, ಸಭೆಗೆಲ್ಲ ಕೇಳುವಂತೆ ಕೇಳಿದರು: "ಸಾಲಿ ತಪ್ಪು ಅಂತ ಆದ್ರ ಏನಾಕ್ಕೈತ್ರಿ?"

"ಸಾಲಿ ಮುಚ್ತಾರ್ರಿ. ಹುಡುಗರು ವಾಪಸ್ ಹೋಗ್ತಾರೆ."

"ನನ್ನ ತಪ್ಪು ಅಂತ ಆದ್ರ?"

"ಶಾಲೆ ಉಳೀಬಹುದ್ರಿ. ನೀವು ಅಧ್ಯಕ್ಷ ಸ್ಥಾನ ಬಿಡಬೇಕಾಗ್ತದೆ."

ಅವರು ಸೆರಗನ್ನು ಮಡಿಲಿಗೆ ಇಳಿಸಿದರು. ತಂದಿದ್ದ ವಾದವನ್ನೆಲ್ಲ ಒಳಗೇ ನುಂಗಿಕೊಳ್ಳುತ್ತಿದ್ದಾರೆ ಎಂದು ನನಗೆ ತಿಳಿಯುತ್ತಿತ್ತು. ಆಮೇಲೆ ಎದ್ದು, "ಮೇಷ್ಟ್ರು ಬ್ಯಾಡ ಅಂದಿದ್ರು. ಕಳಸು ಅಂತ ಹೇಳಿದಾಕಿ ನಾನು. ತಪ್ಪು ನಂದು" ಎಂದರು. ಸಾಹೇಬರು ಹಾಗೆಂದು ಬರೆದುಕೊಡಬೇಕು ಎಂದರು. ಗುಮಾಸ್ತ ಬರೆದು ಮುಂದಿಟ್ಟ ಹಾಳೆಯ ಅಂಚನ್ನು ಗಿರಣಿ ಅಮ್ಮ ಎರಡು ಬೆರಳಲ್ಲಿ ಉಜ್ಜಿದರು. ತರಿ ಅನ್ನಲಿಲ್ಲ, ಜಿಗಿ ಅನ್ನಲಿಲ್ಲ. ನಿಧಾನವಾಗಿ ಸಹಿ ಮಾಡಿ, ಅಲ್ಲಿಂದ ಸೀದಾ ಬಸ್‌ಸ್ಟ್ಯಾಂಡಿಗೆ ನಡೆದರು. ಸಾಹೇಬರು ಶಾಲೆಗೆ ಎಚ್ಚರಿಕೆಯಷ್ಟೇ ಕೊಟ್ಟು ಬಿಟ್ಟರು.

ಬಸ್ಸಿನಲ್ಲಿ ನಾನು ಅವರ ಪಕ್ಕದಲ್ಲೇ ಕೂತಿದ್ದೆ. ಕೃತಜ್ಞತೆಯನ್ನು ಹೇಗೆ ಹೇಳಲಿ ಎಂದು ಮಾತು ಹುಡುಕುತ್ತಿದ್ದೆ. ಊರು ಇನ್ನೂ ದೂರವಿದ್ದಾಗ ಅವರು ನನ್ನ ಕಡೆ ತಿರುಗಿದರು.

"ಮೇಷ್ಟ್ರ, ಖರೇ ಹೇಳ್ರಿ. ನಾ ಮಾಡಿದ್ದು ತಪ್ಪೇನ್ರಿ?"

ಬಸ್ಸಿಗೆ ಬಸ್ಸೇ ತಿರುಗಿ ನೋಡಿತು. ಬಾಯಿ ಮಾತಿಗೆ ಒಪ್ಪಿಕೊಂಡು ಬಂದಿದ್ದಾರೆ, ಒಳಗೆ ಅವರಿಗೆ ತಾವು ಸರಿಯೆಂಬ ಧೈರ್ಯ ಇದ್ದೇ ಇದೆ ಎಂದು ನಾನು ತಿಳಿದಿದ್ದೆ. ಅವರ ಕಣ್ಣಲ್ಲಿ ಅಂಥ ಧೈರ್ಯವೇನೂ ಇರಲಿಲ್ಲ. "ಇಲ್ಲಮ್ಮ" ಎಂದೆ. ಅವರಿಗೆ ಕೇಳಿಸಲಿಲ್ಲ. "ಏನಂದ್ರಿ?" ಎಂದು ಕಿವಿ ಹತ್ತಿರ ತಂದರು. ಮೆಲ್ಲಗೆ ಹೇಳಬಹುದಾದದ್ದನ್ನು ಕೂಗಿ ಹೇಳಬೇಕಾದಾಗ, ಅದು ನಿಜವೇ ಎಂದು ಮತ್ತೊಮ್ಮೆ ಯೋಚಿಸಬೇಕಾಗುತ್ತದೆ. ಸಾಹೇಬರ ಇಟ್ಟಿಗೆ ಭಟ್ಟಿ ನೆನಪಾಯಿತು. ಯಜಮಾನ ಚಟ್ನಿ ಖಾರ ಐತಿ ಎಂದದ್ದೂ ನೆನಪಾಯಿತು. ನಾನು ತಲೆಯನ್ನು ಅಲ್ಲಾಡಿಸಿದೆ. ಹೌದೆಂದು ಅಲ್ಲಾಡಿಸಿದೆನೋ ಅಲ್ಲವೆಂದು ಅಲ್ಲಾಡಿಸಿದೆನೋ ನನಗೇ ತಿಳಿಯಲಿಲ್ಲ. ಅವರು ಕಿಟಕಿಯ ಕಡೆ ತಿರುಗಿ ಕೂತರು.

ಅವತ್ತಿನಿಂದ ಅವರು ಶಾಲೆಯ ಒಳಗೆ ಕಾಲಿಡಲಿಲ್ಲ. ಎಷ್ಟು ಕರೆದರೂ, "ನಾನೀಗ ಯಾರ್ರಿ ಒಳಗ ಬರಾಕ?" ಎನ್ನುತ್ತಿದ್ದರು. ಗೇಟಿನ ಹೊರಗೆ ನಿಂತು ಹುಡುಗರನ್ನು ಹ್ಯಾಂಗದೀರಿ ಎಂದು ಕೇಳಿ ಹೋಗುತ್ತಿದ್ದರು. ಇದು ಮುನಿಸೋ, ನಿಯಮಕ್ಕೆ ಕೊಟ್ಟ ಮರ್ಯಾದೆಯೋ ನನಗೆ ಬಗೆಹರಿಯಲಿಲ್ಲ. ಹೊಸ ಅಧ್ಯಕ್ಷರು ವರ್ಷಕ್ಕೊಮ್ಮೆ ಬಂದು ಚಹಾ ಕುಡಿದು ಹೋಗುತ್ತಿದ್ದರು. ಮುಯ್ಯಾಳು ನಿಂತಿತು. ಯಜಮಾನ ಮಾತ್ರ ಬಾಕಿ ದಿನಕ್ಕೆಂದು ಬಂದು ನಮ್ಮ ಬಚ್ಚಲಿನ ಗೋಡೆ ಎತ್ತಿಕೊಟ್ಟು ಹೋದ. ಎರಡು ವರ್ಷದ ಮೇಲೆ ಅನುದಾನ ನಿಂತು ಶಾಲೆ ತಾನಾಗಿಯೇ ಮುಚ್ಚಿತು. ಅಷ್ಟರಲ್ಲಿ ಬಹಳಷ್ಟು ಹುಡುಗರು ಏಳನೇ ಇಯತ್ತೆ ಮುಗಿಸಿದ್ದರು. ವಾಯರನಿಗೂ ಹದಿನೆಂಟು ತುಂಬಿತ್ತು, ಅವನನ್ನು ಗೋಡೆಯೊಳಗೆ ಕಳಿಸಬೇಕಾಗಲಿಲ್ಲ. ನನಗೆ ಹರಪನಹಳ್ಳಿ ತಾಲ್ಲೂಕಿನಲ್ಲೇ ಸರ್ಕಾರಿ ಶಾಲೆಯ ಕೆಲಸ ಸಿಕ್ಕಿತು.

ಏಳೆಂಟು ವರ್ಷಗಳ ನಂತರ ಒಂದು ಬೆಳಿಗ್ಗೆ ಹಡಗಲಿಗೆ ಮದುವೆ ಮಾಡಿಕೊಟ್ಟಿದ್ದ ಗಿರಣಿ ಅಮ್ಮನ ಮಗಳು ಫೋನ್ ಮಾಡಿ, "ಅವ್ವ ಹೋದ್ಲು ಸರ್" ಎಂದಳು. ಕೊಟ್ಟೂರಿನ ಮೇಲೆ ಹಾದು ಹೋಗುವ ಬಸ್ಸು ಹಿಡಿದು ಹೋದೆ. ಅಂಗಳದಲ್ಲಿ ಅವರನ್ನು ಕೂಡಿಸಿದ್ದರು. ಹಣೆಯ ತುಂಬ ವಿಭೂತಿ. ಬಸ್ಸಿನಲ್ಲಿ ಕೊಡದೆ ಉಳಿದ ಆ ಉತ್ತರವನ್ನು ಒಮ್ಮೆಯಾದರೂ ಹೋಗಿ ಗಟ್ಟಿಯಾಗಿ ಹೇಳಿ ಬರಬೇಕೆಂದು ಇಷ್ಟು ವರ್ಷ ಅಂದುಕೊಂಡಿದ್ದೆ. ಏನು ಹೇಳಬೇಕೆಂದು ತಿಳಿಯದೆ ದಿನ ತಳ್ಳಿದ್ದೆ. ಅಳು ಬಂತು.

ಅವರ ಹೊಲದಲ್ಲೇ ಕುಣಿ ತೋಡುತ್ತಿದ್ದರು. ನೆಲ ಗಟ್ಟಿ, ಕಲ್ಲು ಬೇರೆ. ಒಳಗೆ ಎದೆಮಟ್ಟ ಇಳಿದು ಹಾರೆ ಹಾಕುತ್ತಿದ್ದ ಗಡ್ಡದ ಗಂಡಸು ತಲೆ ಎತ್ತಿ, "ನಮಸ್ಕಾರ್ರಿ ಸರ್ರ" ಎಂದ. ದನಿಯಿಂದ ಗುರುತು ಸಿಕ್ಕಿತು. ವಾಯರ್. ಹಗರಿಬೊಮ್ಮನಹಳ್ಳಿಯಲ್ಲಿ ಟೈಲ್ಸ್ ಹಾಕುವ ಕೆಲಸ ಮಾಡುತ್ತಾನಂತೆ. ಸುದ್ದಿ ಕೇಳಿ ಬೆಳಿಗ್ಗೆಯೇ ಬಂದು ಕುಣಿಗೆ ಇಳಿದಿದ್ದ. ಇಷ್ಟು ವರ್ಷ ಯಾರನ್ನೂ ಕೇಳದೆ ಇಟ್ಟುಕೊಂಡದ್ದನ್ನು ಅವನನ್ನೇ ಕೇಳಿಬಿಟ್ಟೆ.

"ಅವತ್ತು ಶೇಂಗಾ ಕೀಳಾಕ ನಿಮ್ಮನ್ನ ಕಳಿಸಿದ್ದು ತಪ್ಪಾತೇನೋ?"

ಅವನು ಹಾರೆಯ ಮೇಲೆ ಕೈಯೂರಿ ನಿಂತ. "ನನಗ ಅವತ್ತು ಹೋಗಾಕ ಮನಸ್ಸಿರ್ಲಿಲ್ರಿ ಸರ್ರ. ಬೆನ್ನು ಭಾಳ ನೋವಿತ್ತು. ಅಮ್ಮನೂ ಕೇಳ್ಲಿಲ್ಲ, ನೀವೂ ಕೇಳ್ಲಿಲ್ಲ. ಆ ಸಾಹೇಬ್ರು ಎಲ್ಲಾರ್ನೂ ಕೇಳಿದ್ರು, ನಮ್ಮನ್ನ ಕೇಳ್ಲಿಲ್ಲ."

ಸರಿ ತಪ್ಪು ಎಂದು ಇಷ್ಟು ವರ್ಷ ತೂಗುತ್ತಿದ್ದ ನನಗೆ ಈ ಮಾತು ಒಮ್ಮೆಯೂ ಹೊಳೆದಿರಲಿಲ್ಲ.

"ಮತ್ತೆ ಇವತ್ತು ಯಾಕೆ ಬಂದಿ?"

"ಅದು ಬ್ಯಾರೆರಿ" ಎಂದ. ಒಂದು ಏಟು ಹಾಕಿ, ಕಲ್ಲು ಎಬ್ಬಿಸಿ, ಮತ್ತೆ ನಿಂತ. "ಸಣ್ಣಾವಿದ್ದಾಗಿಂದ ಏನೇ ಆದ್ರೂ ಎಲ್ಲಾರೂ ನನ್ನ ಕಡೆ ಕೈ ಮಾಡ್ತಿದ್ರು. ಅಂಥಾದ್ರಾಗ ಒಬ್ರು ಎದ್ದು ನಿಂತು, ತಪ್ಪು ನಂದು ಅಂದ್ರಂತ. ದೊಡ್ಡವ್ರು ಹಂಗ ಅಂತಾರ ಅಂತ ನನಗ ಗೊತ್ತಿರ್ಲಿಲ್ರಿ."

ಅಷ್ಟು ಹೇಳಿ ಬಗ್ಗಿದ. ಬೆನ್ನು ನೋವಾಗಿದ್ದೂ ನಿಜ, ಇವತ್ತು ಬಂದದ್ದೂ ನಿಜ. ಅವನು ಅವೆರಡನ್ನೂ ಒಟ್ಟಿಗೆ ಇಟ್ಟುಕೊಂಡು ಬದುಕಿದ್ದ. ನನಗೆ ಈಗಲೂ ಅದು ಕೂಡಿಬರುವುದಿಲ್ಲ.

ಮಣ್ಣು ಎತ್ತಿ ಹಾಕಲು ಮೇಲೆ ಆಳು ಸಾಲದೆಂದು ಯಾರೋ ಕೂಗಿದರು. ನಾನು ಚಪ್ಪಲಿ ಬಿಟ್ಟು, ಪ್ಯಾಂಟು ಮಡಚಿಕೊಂಡು ಕುಣಿಯ ಅಂಚಿಗೆ ಹೋದೆ. ವಾಯರ್ ಕೆಳಗಿನಿಂದ ಬುಟ್ಟಿ ಎತ್ತಿಕೊಡುವ ಮೊದಲು ಒಂದು ಕ್ಷಣ ತಡೆದು ನನ್ನ ಮುಖ ನೋಡಿದ.

"ಹಿಡೀತೀರೇನ್ರಿ ಸರ್ರ? ಭಾರ ಐತಿ" ಎಂದು ಕೇಳಿದ.

ಹೂಂ ಎಂದು ಕೈ ಚಾಚಿದೆ.